ಆವಕ ಪುಸ್ತಕ

ಬೀದರ, ಬೆಳಿಗ್ಗಿ ಆರೂವರಿ. ಇಳಿಸಿಕೊಂಡೆ:
ಲಾರಿ ಮೂರು, ಜನರೇಟರ್ ಎರಡು,
ತಾಡಪತ್ರಿ ಹೊದ್ದು ಕುಂತ ಆಂಟೆನಾ ಒಂದು.
ಟೆಂಡರು ಕರೆದಾಗ ನನ್ನ ಮಗಳು ಅಂಗನವಾಡಿ,
ಈಗ ಎಸ್ಸೆಸ್ಸೆಲ್ಸಿ.

ಮುರಮಿನ ನೆಲದಾಗ ಗೂಟ ಇಳೀಲಿಲ್ಲ.
ಸಾರ್ಜೆಂಟ್ ಬೈದ. ನೆಲ ಸುಮ್ಮನಿತ್ತು.

ಸಂಜೀಕ ತಿರುಗಿತು. ಪರದಿ ಮ್ಯಾಲ
ಮೊದಲ ಚುಕ್ಕಿ ವಿಮಾನದ್ದಲ್ಲ,
ಚದುರಿ, ಕೂಡಿ, ಮತ್ತ ಚದುರೋ ಹಿಂಡು.
‘ಏನದು?’ ಅಂದರು ಸಾಹೇಬರು.
ನನಗ ಗೊತ್ತಿತ್ತು, ಹೇಳಲಿಲ್ಲ.
ಷರಾ ಕಾಲಮ್ಮಿನಾಗ ‘ಮಾಲು ಸುಸ್ಥಿತಿ’ ಅಂತ ಬರೆದು
ಸೈಕಲ್ ಚೌಬಾರಾದ ಕಡಿ ಹೊಡೆದೆ.

ಮಾಳಿಗಿ ಮ್ಯಾಲ ಮುನವ್ವರ್ ಭಾಯಿ,
ಬಾಯಾಗ ಸೀಟಿ, ಅಂಗೈಯಾಗ ಸಜ್ಜಿ.
‘ನಿನ್ನ ಪಾರಿವಾಳ ಇವತ್ತ ರೇಡಾರಿಗೆ ಸಿಕ್ಕಾವ’ ಅಂದೆ.

ಸೀಟಿ ತೆಗೆದ. ನಗಲಿಲ್ಲ.
‘ಎಣಿಸ್ಯಾರೇನು?
ಒಂದು ಕಮ್ಮಿ ಬಂದದ.’