ಗಾಳಿ ಹೋತೇನು?

ಬ್ಯಾಡಗಿ ಶೆಡ್ಡಿನ್ಯಾಗ ಮೆಣಸಿನಕಾಯಿ ತೊಟ್ಟು ಮುರಕೋತ ಕುಂತಿದ್ದೆ.
ಹೊಕ್ಕಳ ಸುತ್ತ ಒಮ್ಮೆ ತಿರುವಿದಂಗ ಆತು, ಬಿಟ್ಟಿತು.
ಮತ್ತ ತಿರುವಿತು.
ಎಣಸಿದೆ: ಒಂದು ತಿರುವಿಗೂ ಇನ್ನೊಂದಕ್ಕೂ ನಡುವ
ಇಪ್ಪತ್ತು ಕಾಯಿ. ಆಮ್ಯಾಲ ಹನ್ನೆರಡು. ಆಮ್ಯಾಲ ಕೈ ನಡೀಲಿಲ್ಲ.

ಘಾಟು ಹೊಟ್ಟಿಗೆ ಇಳದೈತಿ ಅಂತ ಪಾರವ್ವ ಮಜ್ಜಿಗಿ ಕೊಟ್ಟಳು.
ಮದಲ ಮಜ್ಜಿಗಿ ಹೊಳ್ಳಿ ಬಂತು,
ಅದರ ಹಿಂದ ಮುಂಜಾನಿ ರೊಟ್ಟಿ,
ಅದರ ಹಿಂದ ಹಸರ ಕಹಿ ನೀರು,
ರಾತ್ರಿ ಹತ್ತಕ್ಕ, ಹೇಳಬಾರದು, ಹೇಳತೇನಿ,
ಕೆಳಗ ಹೋಗೂ ನಾತ ಬಾಯಾಗ.
ಏಳು ತಿಂಗಳ ಬಸರಿ ಹಂಗ ಹೊಟ್ಟಿ,
ಹನ್ನೊಂದು ವರ್ಷದ ಹಿಂದ ಗರ್ಭಚೀಲ ತಗಿಸಿದಾಕಿಗೆ!

ಹುಬ್ಬಳ್ಳಿ ದವಾಖಾನಿ. ಮೂಗಿನ್ಯಾಗ ನಳಗಿ,
ಬಾಯಿಗೆ ಹನಿ ನೀರಿಲ್ಲ.
ಸಣ್ಣ ಹುಡುಗಿ ಡಾಕ್ಟರು, ನಿದ್ದಿಗೆಟ್ಟ ಕಣ್ಣು,
ಹೊಟ್ಟಿಗೆ ಕಿವಿ ಹಚ್ಚಿ ಬಾಳೊತ್ತು ಕುಂತಳು.
ಏನ್ ಕೇಳತೈತ್ರಿ ಅಂದೆ.
‘ಖಾಲಿ ತಂಬಿಗ್ಯಾಗ ಹನಿ ಬಿದ್ದಂಗ, ಟಿಣ್ ಟಿಣ್.
ಕರುಳು ಇನ್ನೂ ದೂಡಾಕ ಹತ್ತೈತಿ ಬೇ.
ಸಪ್ಪಳ ನಿಂತ್ರ ಅಂಜಬೇಕು.’
ನಾ ಸುಮ್ಮನಾದ್ರ ಅಂಜಿದವರನ್ನ
ಇಷ್ಟು ವಯಸ್ಸಿನ್ಯಾಗ ಈಕಿನ್ನ ಮದಲ ಕಂಡೆ.

ಕೇಸ್‌ಪೇಪರಿನ ಹಿಂದ ಚಿತ್ರ ತಗದು ತೋರಿಸಿದಳು:
ಒಮ್ಮೆ ಕೊಯ್ದ ಹೊಟ್ಟ್ಯಾಗ ಗಾಯ ಮಾಯೂ ಮುಂದ
ಜಿಗಟ ಎಳಿ ಹುಟ್ಟತಾವಂತ, ಜೇಡರ ಬಲಿ ಹಂಗ.
ಬಾಳ ಮಂದಿಗೆ ಏನೂ ಮಾಡಂಗಿಲ್ಲ.
ನಂದೊಂದು ಎಳಿ ಕರುಳು ದಾಟಿ ಗಟ್ಟಿಯಾಗಿ ಬಿಗದಿತ್ತು.
ಮ್ಯಾಲಿಂದು ಇಳೀವಲ್ದು, ಗಾಳಿ ಹೊಂಡವಲ್ದು,
ಮೈಯಾನ ನೀರು ಸೋರಿ ಸೋರಿ ಅಲ್ಲೇ ತುಂಬತೈತಿ,
ಹೊಟ್ಟಿ ಬಿರಿಯೂವಾಗ ನಾಲಿಗಿ ಚಕ್ಕಿ ಹಂಗ ಒಣಗತೈತಿ.

‘ಚೀಲ ಯಾಕ ತಗಿಸಿದಿ?’
ಬಿಳಿಸೆರಗು ಹೋಗತಿತ್ತು. ಬಿಟ್ರ ಕ್ಯಾನ್ಸರ್ ಆಕ್ಕೈತಿ ಅಂದ್ರು.
ಬೋರಮಾಳ ಒತ್ತಿ ಇಟ್ಟು ಹದಿನೆಂಟು ಸಾವಿರ.
ವಯಸ್ಸು?
ಮೂವತ್ತೊಂದು.
ಪೆನ್ನು ತಡದು ನಿಂತಿತು.
ಏನೂ ಅನ್ನಲಿಲ್ಲ, ಬರಕೊಂಡಳು.

ಮೂರನೇ ನಸುಕಿಗೆ ಬ್ಯಾನಿ ಬಂದು ಹೋಗೂದು ಬಿಟ್ಟು ಅಲ್ಲೇ ಕುಂತಿತು.
ಮೈ ಸುಡತಿತ್ತು. ಆಕಿ ಕಿವಿ ಹಚ್ಚಿದಳು,
ಎದ್ದಾಕಿ ಓಡಿದಳು.

ಎಚ್ಚರಾದಮ್ಯಾಲ ಹೇಳಿದ್ದು:
ಎಳಿ ಕತ್ತರಿಸಿದ್ರಂತ. ಗೇಣುದ್ದ ಕರುಳು ರಕ್ತ ಸಿಗದ ನೀಲಿಗಟ್ಟಿತ್ತಂತ.
ಬಿಸಿ ಉಪ್ಪುನೀರಿನ ಅರಿವಿ ಸುತ್ತಿ
ಬಣ್ಣ ಹೊಳ್ಳಿ ಬರತೈತೇನಂತ ನಿಂತ್ರಂತ, ಹತ್ತು ನಿಮಿಷ.
ಬರದಿದ್ರ ಕೊಯ್ದು ಒಗೀತಿದ್ರಂತ.

ಬಣ್ಣ ನೋಡೂದು ನನ್ನ ಕೆಲಸ.
ಕೆಂಪು ಡಬ್ಬಿ ಕಾಯಿ ಇತ್ತಾಗ, ಬಿಳಚಿದ್ದು ಅತ್ತಾಗ, ಕಪ್ಪು ಕಸಕ್ಕ.
ಕಾಯಿಗೆ ಯಾರೂ ಹತ್ತು ನಿಮಿಷ ಕೊಡೂದಿಲ್ಲ.

ಆಮ್ಯಾಲ ದಿನಾ ಮುಂಜಾನಿ ಒಂದ ಪ್ರಶ್ನಿ:
‘ಗಾಳಿ ಹೋತೇನು ಬೇ?’
ಹತ್ತು ಹುಡುಗ ಡಾಕ್ಟರು ಸುತ್ತ, ಗಂಡ ಗುಡ್ಡಪ್ಪ ಕಾಲ ಕಡೆ.
ಮದವ್ಯಾಗಿ ಬಂದ ಮನ್ಯಾಗ ಹಿತ್ತಲಕ್ಕ ಹೋಗಿ,
ದನದ ಸಪ್ಪಳ ನೋಡಿ ಬಿಟ್ಟಾಕಿ ನಾ.
ಸೆರಗು ಬಾಯಿಗೆ ಒತ್ತಿ ತಲಿ ಅಳ್ಳಾಡಿಸಿದೆ: ಇಲ್ಲ.
ಮರುದಿನ: ಇಲ್ಲ.
ಬಾಜೂ ಕಾಟಿನ ಶಿಗ್ಗಾವಿ ಹಜರತ್‌ಬಿ
ನನ್ನ ಸಲುವಾಗಿ ದುವಾ ಮಾಡತಿದ್ದಳು, ಇದಕ್ಕ!

ನಾಕನೇ ರಾತ್ರಿ ಮೂರಕ್ಕೋ ಏನೋ
ಸಣ್ಣಗ, ಯಾರೋ ಬಾಗಲಾ ಸರಿಸಿದಂಗ.
ಕತ್ತಲಾಗ ಹಜರತ್‌ಬಿ: ‘ಹೋತಾ?’
‘ಹೋತು.’
‘ಅಲ್ಲಾ, ದೊಡ್ಡಾಂವ ನೀ!’
ಆ ಸಾಲಿನ ಆರೂ ಕಾಟು ನಕ್ಕವು.
ನಾ ಹೊಲಗಿ ಹಿಡಕೊಂಡು, ನಗಬ್ಯಾಡ್ರೆ, ನಗಬ್ಯಾಡ್ರೆ ಅಂದೆ.

ಮುಂಜಾನಿ ಎರಡು ಚಮಚ ನೀರು ಕೊಟ್ರು.
ಮದಲನೇದು ನಾಲಿಗೀನ ಕುಡೀತು.
ಎರಡನೇದು ಇಳೀತು. ಕಣ್ಣು ಮುಚ್ಚಿದೆ,
ಎಲ್ಲಿ ತನಕ ಹೋಗತೈತಿ ಅಂತ
ಕಿವಿಗೊಟ್ಟು ಕುಂತೆ.