ಶಟರಿಗೊಂದು ಬೇರೆ ಲೈನು

ಫ್ಯಾನಿನ ಬೋರ್ಡಿನಿಂದಲೇ ಎಳೆದುಬಿಡು ಮಾರಾಯ,
ಅಂದ ಬೆನಕಪ್ಪ.
ಅರ್ಧ ಎಚ್‌ಪಿ ಮೋಟಾರು, ದಿನಕ್ಕೆ ಎರಡೇ ಸಲ ತಿರುಗುವುದು,
ಬೆಳಿಗ್ಗೆ ಏರಲಿಕ್ಕೆ, ರಾತ್ರಿ ಇಳಿಯಲಿಕ್ಕೆ,
ಅದಕ್ಕೆಂಥ ರಾಜಮರ್ಯಾದೆ?

ನಾನು ಮಾತಾಡಲಿಲ್ಲ. ಮೇನ್ ಆಫ್ ಮಾಡಿ
ಬೋರ್ಡು ಬಿಚ್ಚಿ ತೋರಿಸಿದೆ:
ಹಲ್ಲಿಯದೊಂದು ಒಣಗಿದ ಬಾಲ,
ಯಾವ ಕಾಲದ್ದೋ ಅಲ್ಯೂಮಿನಿಯಂ ತಂತಿ,
ಟೇಪು ಸುತ್ತಿ ಸುತ್ತಿ ಕರ್ರಗಾದ ಗಂಟು.
ಇದನ್ನು ನಂಬಿ ಎಂಬತ್ತು ಕಿಲೋ ತಗಡು ಎತ್ತಿಸುತ್ತೀಯಾ?

ಸಾಗರದ ಜೋಗ ರಸ್ತೆಯಲ್ಲಿ, ಹಿಟ್ಟಿನ ಗಿರಣಿಗೆ ತಾಗಿ,
ಮೂವತ್ತೊಂದು ವರ್ಷದ ಸ್ಕೂಟರ್ ಗ್ಯಾರೇಜು.
ಕಳೆದ ಮಾಗಿಯಲ್ಲಿ ಅವನ ಬಲಭುಜ
ಸವೆದ ಬೇರಿಂಗಿನ ಹಾಗೆ ಕಟಕಟ ಅಂದು ಹಿಡಿದುಕೊಂಡಿತು.
ಅಂದಿನಿಂದ ಬೆಳಿಗ್ಗೆ ಒಂಬತ್ತಕ್ಕೆ
ಗಿರಣಿಯ ಶಕೂರ್ ಸಾಬರು ಬರುತ್ತಿದ್ದರು,
ಮುಂಗೈಗೆ, ಹುಬ್ಬಿಗೆ ರಾಗಿಹಿಟ್ಟೋ ಅಕ್ಕಿಹಿಟ್ಟೋ ಮೆತ್ತಿಕೊಂಡು.
ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಒಬ್ಬರು ಎಡ ಒಬ್ಬರು ಬಲ,
'ಹಾಂ' ಅನ್ನುತ್ತಿದ್ದರು.
ಶಟರು ಏಳುತ್ತಿತ್ತು ಕಿರುಗುಟ್ಟುತ್ತ,
ನೀಲಿ ಬಣ್ಣದ ಮೇಲೆ
ಐದು ಬೆರಳ ಬಿಳಿ ಹೊತ್ತುಕೊಂಡು.

ಅವರಿಗೆ ಎಷ್ಟು ದಿನ ಅಂತ ತೊಂದರೆ ಕೊಡೋದು,
ಅಂದ ಬೆನಕಪ್ಪ, ಸ್ಪ್ಯಾನರು ಹುಡುಕುತ್ತ.
ಹುಡುಕಿದ್ದು ಎಡಗೈ.

ಸರಿ. ಎರಡೂವರೆ ಸ್ಕ್ವೇರಿನ ತಾಮ್ರ, ಹದಿನಾಲ್ಕು ಮೀಟರು.
ಎರಡು ಅಂಗಡಿಗೂ ನಡುವಿನ ಜಗಲಿಗೋಡೆ,
ಅಲ್ಲಿ ಮೀಟರು ಹಲಗೆ; ಅದರಲ್ಲೊಂದು ಹೊಸ ಎಂಸಿಬಿ,
ಶಟರಿಗೆ ಮಾತ್ರ, ಮತ್ಯಾರಿಗೂ ಅಲ್ಲ.
ಪಕ್ಕದಲ್ಲಿ, ಮೈಗೆ ಜುಮ್ ಅನ್ನುವ ಮೊದಲೇ
ತಾನೇ ಬೀಳುವ ಇನ್ನೊಂದು.
ಪೈಪನ್ನು ತೊಲೆಯ ಮಗ್ಗುಲಿಗೇ ಒತ್ತಿ ತಂದೆ,
ಸುತ್ತಿಕೊಳ್ಳುವ ತಗಡಿಗೆ ತಾಗಬಾರದಲ್ಲ.

ಅರ್ಥಿಂಗಿಗೆ ಅರ್ಧ ದಿನ.
ಜಂಬಿಟ್ಟಿಗೆ ನೆಲ, ಹಾರೆ ಹಾಕಿದರೆ
ಟಣ್ ಅಂತ ತಿರುಗಿ ಬೈಯುತ್ತದೆ.
ಗುಂಡಿಗೆ ಪೈಪು ನಿಲ್ಲಿಸಿ, ಒಂದು ಪದರ ಇದ್ದಿಲು,
ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು.
ಶಕೂರ್ ಸಾಬರು ಬಾಗಿ ನೋಡಿ,
ಮಾವಿನಮಿಡಿ ಹಾಕೋದೊಂದು ಬಾಕಿ, ಅಂದರು.
ನಕ್ಕಿದ್ದು ನಾವು ಮೂವರೂ. ಮೊದಲು ನಿಲ್ಲಿಸಿದ್ದು ಅವರು.

ಬೇಸಿಗೆಯಲ್ಲಿ ಗುಂಡಿ ಒಣಗಬಾರದು, ವಾರಕ್ಕೊಂದು ಕೊಡ ನೀರು.
ಕರೆಂಟು ಹೋದರೆ ಹಿಂಬಾಗಿಲಿಂದ ಹೋಗಿ ಈ ಸರಪಳಿ ಎಳಿ,
ಒಂದೇ ಸಮ, ಜಗ್ಗಬೇಡ.
ಹೇಳಿದೆ, ದುಡ್ಡು ಎಣಿಸಿಕೊಂಡೆ,
ಗುಂಡಿ ಒತ್ತಿ ಅವರವರ ಶಟರು ಅವರವರಿಗೇ ತೋರಿಸಿ ಬಂದೆ.
ಅದು ಏರಿತು, ಯಾರೂ 'ಹಾಂ' ಅನ್ನದೆ.

ಹದಿನೇಳು ದಿನಕ್ಕೆ ಫೋನು.
ಏಳ್ತಿಲ್ಲ ಕಣಣ್ಣ, ರಿಮೋಟಿನ ಬ್ಯಾಟರಿ ಬದಲಿಸಿದೆ,
ಸಾಬರನ್ನ ಕರೆದು ಸರಪಳಿ ಎಳೆಸಿದೆ, ಬೇಗ ಬಾ.

ಹೋದೆ.
ಮೋಟಾರಿಗೆ ಕಿವಿ ಇಟ್ಟೆ, ಲಿಮಿಟ್ ಸ್ವಿಚ್ಚು ತಟ್ಟಿ ನೋಡಿದೆ,
ಜೋಡಣೆ ಬಿಗಿಯಾಗಿದೆ, ತಂತಿಗೆ ಇಲಿ ಮೂಸಿಲ್ಲ.
ಕೊನೆಗೆ ಜಗಲಿಗೋಡೆಗೆ ಬಂದೆ, ಹಲಗೆಯ ಮುಚ್ಚಳ ತೆಗೆದೆ.
ಎಂಸಿಬಿ ಕೆಳಗಿತ್ತು. ಬಿಸಿಯಾಗಿ ಬಿದ್ದದ್ದಲ್ಲ,
ಹಾಗೆ ಬಿದ್ದದ್ದು ನನಗೆ ಗೊತ್ತಾಗುತ್ತದೆ.
ಕಪ್ಪು ಗುಬುಟಿನ ಮೇಲೆ
ಹೆಬ್ಬೆರಳಿನಷ್ಟೇ ಅಗಲ, ಗೆರೆಗೆರೆಯಾಗಿ,
ಅಕ್ಕಿಹಿಟ್ಟು.

ಗಿರಣಿ ಅಂದು ಸುಮ್ಮನಿತ್ತು.
ಒಳಗೆ ಸಾಬರು ಎಷ್ಟೋ ಹೊತ್ತಿನಿಂದ
ಒಂದೇ ಜರಡಿಯನ್ನು ಕೊಡವುತ್ತಿದ್ದರು.

ಕೆಳಗಿನಿಂದ, ಗುರುತಿಗೆ ತಾಗದಂತೆ,
ಉಗುರಿನಲ್ಲೇ ಅದನ್ನು ಮೇಲೆತ್ತಿದೆ.

ಏನಾಗಿತ್ತು? ಅಂದ ಬೆನಕಪ್ಪ.
ಅವನ ಕೈಯಲ್ಲಿ ಕೊಡ, ಅರ್ಥಿಂಗ್ ಗುಂಡಿಗೆ ನೀರು;
ಮಳೆ ಬಿಟ್ಟು ಇನ್ನೂ ಎರಡು ದಿನವಾಗಿಲ್ಲ, ಬೇಸಿಗೆಯೂ ಅಲ್ಲ.

ಸಣ್ಣ ದೋಷ, ಅಂದೆ.
ಈ ಲೈನಿಗೆ ಆಗಾಗ ಬರ್ತಿರ್ತದೆ. ರಿಪೇರಿ ಇಲ್ಲ.
ಬಂದಾಗ ಸರಪಳಿ ಎಳಿ, ಒಬ್ಬನೇ ಎಳೀಬೇಡ.

ಅವನು ಹೂಂ ಅಂದ.
ಗೋಡೆಯ ಕಡೆಗೊಮ್ಮೆಯೂ ನೋಡಲಿಲ್ಲ.
ಎಷ್ಟಾಯ್ತು ಅಂತ ಕೇಳಿದ,
ಮೂರು ಟೀ ಹೇಳು ಅಂದೆ.