ಅಳತೆ ಪುಸ್ತಕ

ನಿಟುವಳ್ಳಿಯ ಎರಡನೇ ತಿರುವಿನಲ್ಲಿ ನನ್ನ ಅಂಗಡಿ.
ಅಂಗಡಿಯೆಂದರೆ ಜಿಂಕ್ ಶೀಟು, ಒಂದು ಮಷೀನು,
ಮೊಳೆಗೆ ನೇತುಬಿಟ್ಟ ಅಳತೆ ಪುಸ್ತಕ.
ಉದ್ದನೆಯದು, ಕೆಂಪು ರಟ್ಟಿನದು,
ಮಂಡಿಪೇಟೆಯ ದಲಾಲರು ಲೆಕ್ಕಕ್ಕೆ ಕೊಳ್ಳುವಂಥದು.

ಅದನ್ನು ಯಾವ ಗಂಡಸೂ ಬಿಚ್ಚುವುದಿಲ್ಲ.
ಎದೆ, ಸೊಂಟ, ಕಂಕುಳು ಅಂತ ಕಂಡರೆ
ಮುಖ ಆಚೆ ತಿರುಗಿಸಿ, "ಹೊಲ್ದಾಯ್ತಾ?" ಅಂತಾರೆ, ಹೋಗ್ತಾರೆ.
ಇದನ್ನು ನನಗಿಂತ ಮೊದಲು ಕಂಡುಕೊಂಡವಳು
ಕೊಟ್ರಮ್ಮ.

ಅವಳದು ನಲವತ್ತೊಂದನೇ ಪುಟ.
ಮೊದಲ ಸಲ ಬಂದಾಗ ತೋಳು ಆರಿಂಚು.
ಗೌರಿ ಹಬ್ಬಕ್ಕೆ ಒಂಬತ್ತು.
ದೀಪಾವಳಿಗೆ ಮೊಣಕೈ ದಾಟಿಸು ಅಂದಳು.
ಏಪ್ರಿಲ್‌ನಲ್ಲಿ,
ಮಂಡಕ್ಕಿ ಭಟ್ಟಿಯವರೇ ನೆರಳು ಹುಡುಕುವ ಬಿಸಿಲಲ್ಲಿ,
"ಮಣಿಕಟ್ಟಿನ ತನಕ ಬರಲಿ. ಕತ್ತು ಮುಚ್ಚಲಿ."
ಟೇಪು ತಾಗಿದಲ್ಲಿ ಉಸಿರು ಒಳಗೆಳೆದುಕೊಂಡಳು.
ನಾನು ಟೇಪು ಸಡಿಲ ಬಿಟ್ಟೆ.

"ಬರ್ಕಳಕ್ಕ" ಅಂದಳು.
"ಮನೇಲಿ ಕ್ಯಾಲೆಂಡರ್ ಹಿಂದೆ ಬರ್ದಿದ್ದೆ, ಒಲೆಗೆ ಹಾಕ್ದ.
ಫೋನು ಅವನ ಜೇಬಲ್ಲೇ ಐತೆ."
"ಏನಂತ ಬರೀಲೇ?"
"ಬಟ್ಟೆ ಅಂತ."

ಹದಿನಾಲ್ಕು, ಮಂಗಳವಾರ. ರಟ್ಟೆ, ಎಡ. ನೇರಳೆ. ಐದೆಸಳಿನ ಹೂವು.
ಇಪ್ಪತ್ತಾರು. ಬೆನ್ನು. ಕೆಂಪು ಪಟ್ಟೆ, ಮೂರು.
ಎರಡು, ಅಮಾವಾಸ್ಯೆ. ಕೆಳಗಿನ ಅಂಚು ಹರಿದಿದೆ.
ಹೊಲಿಗೆ ಎರಡು, ನಾನು ಹಾಕಿದ್ದಲ್ಲ.
ಆಸ್ಪತ್ರೆ ಚೀಟಿಯನ್ನು ಪುಟದ ಹಿಂದೆ ಗುಂಡುಸೂಜಿಯಿಂದ ಸಿಕ್ಕಿಸಿದೆ.
ಆಧಾರ್ ಜೆರಾಕ್ಸು, ಮಗಳ ಜನನ ಪತ್ರ
ಲೈನಿಂಗ್ ತುಂಡುಗಳ ಡಬ್ಬದ ತಳದಲ್ಲಿ.

ಆಮೇಲೆ ಎರಡು ತಿಂಗಳು ಪುಟ ಖಾಲಿ.
ಸುಖವಾಗಿದ್ದಾಳೆ ಅಂದುಕೊಂಡೆ. ಅಂದುಕೊಳ್ಳಲು ಆಸೆ ನನಗೆ.
ಬಂದವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು
"ಇದನ್ನೂ ಬರಿ" ಅಂದಳು.
ಬರೆದೆ: ಗುಂಡಿ, ಹೊರಗಡೆಯಿಂದ.
ಬಾಗಿಲಿನದು.

ಮಹಿಳಾ ಠಾಣೆಯಲ್ಲಿ ರೈಟರಮ್ಮ ಕನ್ನಡಕ ಏರಿಸಿ
"ಇದೇನು, ಜವಳಿ ಲೆಕ್ಕಾನಾ?" ಅಂದಳು.
ನಾನೇ ಓದಿ ಹೇಳಿದೆ.
ಐದೆಸಳು ಅನ್ನುವಲ್ಲಿ ಬಾಯಿ ಬರಲಿಲ್ಲ,
ಅಂಗೈ ಬಿಡಿಸಿ ಗಾಳಿಯಲ್ಲಿ ತೋರಿಸಿದೆ,
ಅವಳ ರಟ್ಟೆಯಿಂದ ಒಂದು ಗೇಣು ದೂರದಲ್ಲಿ.
ಪೆನ್ನು ನಿಂತಿತು. ಮತ್ತೆ ಹೊರಟಿತು.

"ಪುಸ್ತಕ ಇಲ್ಲೇ ಇರಲಿ."
"ಇರಲಿ ಅಂದ್ರೆ ಹೆಂಗ್ ಮೇಡಂ,
ಮೂವತ್ತು ಜನರ ಮದುವೆ ರವಿಕೆ ಐತೆ ಅದರಾಗೆ!"
ಕರೆದಾಗ ತರಬೇಕೆಂದು ಸಹಿ ಹಾಕಿಸಿಕೊಂಡರು.
ಜೆರಾಕ್ಸು, ಪುಟಕ್ಕೆ ಎರಡು ರೂಪಾಯಿ.
ಅಂಗಡಿ ಹುಡುಗ ಓದುತ್ತ ಓದುತ್ತ
ನಮ್ಮಿಂದ ದುಡ್ಡು ತಗೊಳ್ಳುವುದನ್ನು ಮರೆತ.
ಕೊಟ್ರಮ್ಮ ಎಣಿಸಿ ಕೊಟ್ಟಳು, ಚಿಲ್ಲರೆ ಸಮೇತ.

ಈಗ ಅವಳು ರೈಲ್ವೆ ಗೇಟಿನಾಚೆ, ಅಕ್ಕನ ಮನೆಯಲ್ಲಿ.
ಕೇಸು ನಡೀತಿದೆ, ಅಂದರೆ ನಿಂತಿದೆ.
ಮೊನ್ನೆ ಒಂದು ಮೀಟರು ಹಳದಿ ಬಟ್ಟೆ ತಂದಳು.
"ತೋಳು ಎಷ್ಟಿಡಲೇ?"
ಗೇಟು ಬಿದ್ದು, ಗೂಡ್ಸು ಗಾಡಿ ಪೂರ್ತಿ ಹೋಗುವಷ್ಟು ಹೊತ್ತು ಸುಮ್ಮನಿದ್ದಳು.
"ಗೊತ್ತಿಲ್ಲಕ್ಕ. ಸದ್ಯ ಮೊಣಕೈ.
ಮಡಿಚಿ ಒಳಗೆ ಒಂಚೂರು ಬಿಟ್ಟಿರು."

ದಿನಾಂಕ ಬರೆದೆ. ಅಳತೆ ಬರೆದೆ.
ಪಕ್ಕದಲ್ಲಿ, ಹಳದಿ, ಸಾದಾ.
ಅವಳ ಕಣ್ಣು ಆ ಸಾಲಿನ ಮೇಲೇ ನಿಂತದ್ದು ನೋಡಿ ಹೇಳಿದೆ,
ಇದು ಬಟ್ಟೇನೇ ಕಣೆ.